ಥೀಸಿಸ್‌ನಲ್ಲಿ ‘ಇಲ್ಲ’ಕ್ಕೂ ಜಾಗವಿರಲಿ

ಮಂಗಳೂರು ದಕ್ಕೆಯಿಂದ 30 ಮೀನಿನ ಸ್ಯಾಂಪಲ್ ತಂದು ಲ್ಯಾಬಿನಲ್ಲಿ ಪರೀಕ್ಷಿಸಿದ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳನ್ನು ಊಹಿಸಿಕೊಳ್ಳಿ. ಅವಳು ಹುಡುಕುತ್ತಿರುವುದು ಸಾಲ್ಮೊನೆಲ್ಲಾ ಎಂಬ, ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯವನ್ನು. ಮೂವತ್ತರಲ್ಲಿ ಒಂದರಲ್ಲೂ ಸಿಗಲಿಲ್ಲ. ಬಂಗುಡೆ, ಬೂತಾಯಿ ಇಲ್ಲದೆ ಊಟ ಸೇರದ ಊರಿಗೆ ಇದು ಖುಷಿಯ ಸುದ್ದಿ. ಅವಳಿಗೆ ಮಾತ್ರ ಆ ರಾತ್ರಿ ನಿದ್ದೆಯಿಲ್ಲ. ಸಿನಾಪ್ಸಿಸ್‌ನಲ್ಲಿ ಬರೆದುಕೊಟ್ಟದ್ದು ಕರಾವಳಿಯ ಮೀನಿನಲ್ಲಿರುವ ಸಾಲ್ಮೊನೆಲ್ಲಾ ತಳಿಗಳ ವೈವಿಧ್ಯದ ಅಧ್ಯಯನ ಎಂದು. ತಳಿಯೇ ಸಿಗದ ಮೇಲೆ ವೈವಿಧ್ಯ ಎಲ್ಲಿಂದ ಬರಬೇಕು? “ಇನ್ನೊಂದಿಷ್ಟು ಸ್ಯಾಂಪಲ್ ಮಾಡಮ್ಮ, ರಿಸಲ್ಟ್ ಬಂದೇ ಬರುತ್ತದೆ” ಎನ್ನುತ್ತಾರೆ ಗೈಡ್. ಅಷ್ಟರಲ್ಲಿ ಜೂನ್ 1 ಬರುತ್ತದೆ. ಪಶ್ಚಿಮ ಕರಾವಳಿಯಲ್ಲಿ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳು ದಡ ಸೇರುತ್ತವೆ, ಸ್ಯಾಂಪಲ್ ನಿಲ್ಲುತ್ತದೆ. ಫೆಲೋಶಿಪ್ಪಿನ ಲೆಕ್ಕ ಮಾತ್ರ ನಿಲ್ಲುವುದಿಲ್ಲ.

ಈ ಹುಡುಗಿ ಕಲ್ಪಿತ, ಅವಳ ಪೇಚು ಕಲ್ಪಿತವಲ್ಲ. ಕೊಣಾಜೆಯ ಗುಡ್ಡದ ಮೇಲೆ 1980ರಲ್ಲಿ ಹುಟ್ಟಿದ ಮಂಗಳೂರು ವಿಶ್ವವಿದ್ಯಾನಿಲಯ, ಸುರತ್ಕಲ್ಲಿನ ಎನ್‌ಐಟಿಕೆ, 1969ರಿಂದ ನಡೆಯುತ್ತಿರುವ ಮೀನುಗಾರಿಕಾ ಕಾಲೇಜು, ಸಾಲು ಸಾಲು ಮೆಡಿಕಲ್ ಕಾಲೇಜುಗಳು. ಬಂದರು, ಬ್ಯಾಂಕು, ಬೀಡಿಗಳ ಈ ಊರು ಈಗ ಪಿಎಚ್‌.ಡಿ.ಗಳ ಊರೂ ಹೌದು. ಇಲ್ಲಿ ತಯಾರಾಗುವ ಥೀಸಿಸ್‌ಗಳನ್ನು ಶೋಧಗಂಗಾ ಎಂಬ ಆನ್‌ಲೈನ್ ಭಂಡಾರದಲ್ಲಿ ಯಾರು ಬೇಕಾದರೂ ತೆರೆದು ನೋಡಬಹುದು. ಕೊನೆಯ ಅಧ್ಯಾಯಗಳನ್ನಷ್ಟೇ ತಿರುವಿ ಹಾಕಿ. ಊಹಿಸಿದ್ದು ಸರಿಯಾಯಿತು, ನಿರೀಕ್ಷಿಸಿದ್ದು ಸಿಕ್ಕಿತು, ಸಂಬಂಧ ಸ್ಥಾಪಿತವಾಯಿತು ಎಂಬ ಸಾಲುಗಳು ಧಾರಾಳ. ಹುಡುಕಿದೆ, ಇರಲಿಲ್ಲ ಎಂಬ ಸಾಲನ್ನು ಹುಡುಕಲು ಭೂತಗನ್ನಡಿ ಬೇಕು.

ಇದು ನಮ್ಮ ಊರಿನ ಚಾಳಿಯಷ್ಟೇ ಅಲ್ಲ. ಡೇನಿಯೇಲೆ ಫನೆಲ್ಲಿ ಎಂಬ ಸಂಶೋಧಕ ಜಗತ್ತಿನ ಬೇರೆ ಬೇರೆ ವಿಷಯಗಳ ಸಾವಿರಾರು ಪ್ರಬಂಧಗಳನ್ನು ಜಾಲಾಡಿ 2012ರಲ್ಲಿ ಒಂದು ಲೆಕ್ಕ ಕೊಟ್ಟರು. ತಮ್ಮ ಊಹೆ ನಿಜವಾಯಿತು ಎಂದು ಹೇಳುವ ಪ್ರಬಂಧಗಳು 1990ರ ಹೊತ್ತಿಗೆ ನೂರಕ್ಕೆ 70ರಷ್ಟಿದ್ದವು, 2007ಕ್ಕೆ ಅವು 86ರಷ್ಟಾಗಿದ್ದವು. ಹದಿನೇಳು ವರ್ಷಗಳಲ್ಲಿ ಮನುಷ್ಯರ ಊಹಾಶಕ್ತಿ ಇಷ್ಟು ಬೆಳೆಯಿತು ಎಂದು ನಂಬುವವರು ನಂಬಲಿ. ಉಳಿದವರಿಗೆ ಗೊತ್ತು, ‘ಇಲ್ಲ’ಗಳೆಲ್ಲ ಮೇಜಿನ ಡ್ರಾಯರ್ ಸೇರಿವೆ.

ದಕ್ಕೆಯ ಹುಡುಗಿಯ ಕೈಯಲ್ಲಿರುವ ‘ಇಲ್ಲ’ದ ಬೆಲೆ ಎಷ್ಟು? ಇಲ್ಲಿ ಸ್ವಲ್ಪ ನಿಧಾನಿಸಬೇಕು. ಏಕೆಂದರೆ ಎಲ್ಲ ‘ಇಲ್ಲ’ಗಳೂ ಸಮಾನವಲ್ಲ, ಅನುಕಂಪದಿಂದ ಎಲ್ಲವನ್ನೂ ಒಪ್ಪಿಕೊಳ್ಳಿ ಎಂದು ನಾನು ವಾದಿಸುತ್ತಿಲ್ಲ.

ಬಂಟ್ವಾಳ, ಕಾಸರಗೋಡು ಕಡೆ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು ನೀರು ತರುವ ಪದ್ಧತಿಯುಂಟು. ಕೊರೆದವನು ನೀರಿಲ್ಲ ಎಂದು ಬಂದು ಹೇಳಿದರೆ ಮನೆ ಯಜಮಾನ ಅಷ್ಟಕ್ಕೇ ಕೂಲಿ ಎಣಿಸುವುದಿಲ್ಲ. ಎಷ್ಟು ಕೋಲು ಹೋದೆ, ಯಾವ ಮಗ್ಗುಲಿಗೆ, ಬಂಡೆ ಸಿಕ್ಕಿತೇ, ಮಣ್ಣು ತೇವವಿತ್ತೇ ಎಂದು ವಿಚಾರಿಸುತ್ತಾನೆ. ನಾಲ್ಕು ಕೋಲು ಕೊರೆದು ಬಂದವನ ‘ನೀರಿಲ್ಲ’ಕ್ಕೂ ನಲವತ್ತು ಕೋಲು ಕೊರೆದವನ ‘ನೀರಿಲ್ಲ’ಕ್ಕೂ ವ್ಯತ್ಯಾಸವಿದೆ. 2022ರಲ್ಲಿ ಪದ್ಮಶ್ರೀ ಪಡೆದ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಕೊರೆದ ಮೊದಲ ಕೆಲವು ಸುರಂಗಗಳಲ್ಲಿ ನೀರು ಬಂದಿರಲಿಲ್ಲ. ಎಲ್ಲಿ, ಎಷ್ಟು ಕೊರೆದಾಗ ಬರಲಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಸಂಶೋಧನೆಯ ‘ಇಲ್ಲ’ಕ್ಕೂ ಇದೇ ವಿಚಾರಣೆ ಆಗಬೇಕು. ಮೊದಲನೆಯದು ಸಂಖ್ಯೆ. ದಕ್ಕೆಗೆ ಬರುವ ಮೀನುಗಳಲ್ಲಿ ನಿಜಕ್ಕೂ ನೂರಕ್ಕೆ ಐದರಲ್ಲಿ ಸಾಲ್ಮೊನೆಲ್ಲಾ ಇದೆ ಎಂದಿಟ್ಟುಕೊಳ್ಳಿ. ಆಗಲೂ 30 ಮೀನು ಆರಿಸಿದಾಗ ಮೂವತ್ತೂ ಶುದ್ಧವಾಗಿ ಬರುವ ಸಾಧ್ಯತೆ ಐದರಲ್ಲಿ ಒಂದು. ನೂರಕ್ಕೆ ಹತ್ತರಲ್ಲಿದ್ದರೆ ಆ ಸಾಧ್ಯತೆ ನೂರಕ್ಕೆ ನಾಲ್ಕಕ್ಕೆ ಇಳಿಯುತ್ತದೆ. ಸಂಖ್ಯಾಶಾಸ್ತ್ರದವರು ಇದಕ್ಕೆ ಒಂದು ಕೈಲೆಕ್ಕ ಇಟ್ಟುಕೊಂಡಿದ್ದಾರೆ: ಒಂದೂ ಸಿಗದಿದ್ದಾಗ ಮೂರನ್ನು ಸ್ಯಾಂಪಲ್ಲಿನ ಸಂಖ್ಯೆಯಿಂದ ಭಾಗಿಸಿ, ನಿಜವಾದ ಪ್ರಮಾಣ ಹೆಚ್ಚೆಂದರೆ ಅಷ್ಟಿರಬಹುದು. 30 ಸ್ಯಾಂಪಲ್ಲಿಗೆ ಹತ್ತರಲ್ಲಿ ಒಂದು, ಅಂದರೆ ಶೇ. 10. 300ಕ್ಕೆ ಶೇ. 1. ಹಾಗಾಗಿ ನಮ್ಮ ಹುಡುಗಿ ‘ಮಂಗಳೂರಿನ ಮೀನಿನಲ್ಲಿ ಸಾಲ್ಮೊನೆಲ್ಲಾ ಇಲ್ಲ’ ಎಂದು ಬರೆಯುವಂತಿಲ್ಲ. ‘ಇದ್ದರೂ ಶೇ. 10ಕ್ಕಿಂತ ಕಡಿಮೆ ಎಂದು ಸಾಕಷ್ಟು ಭರವಸೆಯಿಂದ ಹೇಳಬಹುದು’ ಎಂದು ಬರೆಯಬಹುದು. ಮೊದಲಿನದು ಘೋಷಣೆ, ಎರಡನೆಯದು ಸಂಶೋಧನೆ.

ಇನ್ನೊಂದು, ಇದ್ದಿದ್ದರೆ ಕಾಣುತ್ತಿತ್ತೇ ಎಂಬ ಪ್ರಶ್ನೆ. ಇದು ಮಂಗಳೂರಿನ ಲ್ಯಾಬುಗಳಿಗೆ ಹೊಸತಲ್ಲ. ಇಡ್ಯಾ ಕರುಣಾಸಾಗರ್, ಇಂದ್ರಾಣಿ ಕರುಣಾಸಾಗರ್ ದಂಪತಿ ಇಲ್ಲಿನ ಮೀನುಗಾರಿಕಾ ಕಾಲೇಜಿನಲ್ಲಿ ಸೀಗಡಿ, ಚಿಪ್ಪುಮೀನುಗಳ ರೋಗಾಣುಗಳನ್ನು, ಡಿಎನ್‌ಎಯನ್ನು ಕಿಣ್ವದ ಸಹಾಯದಿಂದ ನಕಲು ಮಾಡಿ ಗುರುತಿಸುವ ಪಿಸಿಆರ್ ವಿಧಾನದಿಂದ ಪತ್ತೆಮಾಡುವ ಕೆಲಸವನ್ನು ದಶಕಗಳ ಕಾಲ ನಡೆಸಿದವರು. ಆ ವಿಧಾನದ ಮೊದಲ ಪಾಠವೇ ಇದು: ಮೀನಿನ ಮಾಂಸದಲ್ಲಿರುವ ಕೆಲವು ಅಂಶಗಳು ಪಿಸಿಆರ್‌ನ ಕಿಣ್ವವನ್ನು ಕಟ್ಟಿಹಾಕುತ್ತವೆ. ಆಗ ರೋಗಾಣು ಇದ್ದರೂ ಯಂತ್ರ ಇಲ್ಲ ಎನ್ನುತ್ತದೆ. ಅದಕ್ಕಾಗಿ ಅದೇ ಸ್ಯಾಂಪಲ್ಲಿಗೆ ಗೊತ್ತಿರುವ ಒಂದಿಷ್ಟು ಡಿಎನ್‌ಎಯನ್ನು ಬೇಕೆಂದೇ ಸೇರಿಸಿ, ಅದು ಕಾಣಿಸುತ್ತದೆಯೇ ಎಂದು ನೋಡಬೇಕು. ಅದು ಕಂಡು, ಸಾಲ್ಮೊನೆಲ್ಲಾ ಕಾಣದಿದ್ದರೆ ಮಾತ್ರ ‘ಇಲ್ಲ’. ಎರಡೂ ಕಾಣದಿದ್ದರೆ ಪರೀಕ್ಷೆ ಕೆಟ್ಟಿದೆ ಅಷ್ಟೆ, ಅದು ಫಲಿತಾಂಶವೇ ಅಲ್ಲ. ರಫ್ತುದಾರರಿಗೆ ಈ ಶಿಸ್ತು ಚೆನ್ನಾಗಿ ಗೊತ್ತು. 25 ಗ್ರಾಂ ಮಾಂಸದಲ್ಲಿ ಸಾಲ್ಮೊನೆಲ್ಲಾ ಇಲ್ಲ ಎಂಬ ಸರ್ಟಿಫಿಕೇಟಿನ ಮೇಲೆಯೇ ಕಂಟೇನರ್ ಹಡಗು ಹತ್ತುತ್ತದೆ. ವ್ಯಾಪಾರದಲ್ಲಿ ದುಡ್ಡು ತರುವ ಅದೇ ಪದ ಥೀಸಿಸ್‌ನಲ್ಲಿ ಏಕೆ ಅವಮಾನವಾಗುತ್ತದೋ!

ಗಟ್ಟಿಯಾದ ‘ಇಲ್ಲ’ ಎಲ್ಲಿಗೆ ಕರೆದೊಯ್ಯಬಲ್ಲದು ಎಂಬುದಕ್ಕೆ ಕರ್ನಾಟಕದ್ದೇ ಕಥೆಯೊಂದಿದೆ, ನಮ್ಮ ಮಕ್ಕಳ ಪಠ್ಯದಲ್ಲಿ ಇರಬೇಕಾದದ್ದು. ನಂಜನಗೂಡಿನ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲಿ, ಹೋಮಿ ಭಾಭಾ ಅವರ ಸೂಚನೆಯಂತೆ ಕೋಲಾರ ಚಿನ್ನದ ಗಣಿಗೆ ಇಳಿದರು. ಆಕಾಶದಿಂದ ಸುರಿಯುವ ಮ್ಯೂಯಾನ್ ಎಂಬ ಕಣಗಳು ನೆಲದೊಳಗೆ ಎಷ್ಟು ಆಳಕ್ಕೆ ತೂರುತ್ತವೆ ಎಂದು ಅಳೆಯುವುದು ಕೆಲಸ. ಆಳ ಹೆಚ್ಚಿದಂತೆ ಕಣಗಳು ವಿರಳವಾಗುತ್ತಾ ಹೋದವು. 1960ರ ದಶಕದ ಆರಂಭದಲ್ಲಿ ಜಪಾನಿನ ಮಿಯಾಕೆ, ನಮ್ಮವರಾದ ವಿ.ಎಸ್. ನರಸಿಂಹಂ ಮತ್ತು ಪಿ.ವಿ. ರಮಣಮೂರ್ತಿ ಸುಮಾರು 2,760 ಮೀಟರ್ ಆಳದಲ್ಲಿ ಉಪಕರಣ ಇಟ್ಟರು. ಸುಮಾರು ಎರಡು ತಿಂಗಳು ಕಾದರು. ಒಂದೇ ಒಂದು ಕಣವೂ ದಾಖಲಾಗಲಿಲ್ಲ.

ಎರಡು ತಿಂಗಳ ಸೊನ್ನೆ. ಇಂದಿನ ಪ್ರಗತಿ ಪರಿಶೀಲನಾ ಸಭೆಯಲ್ಲಿ ಇದನ್ನು ಮುಂದಿಟ್ಟಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ನಗು ಬರುತ್ತದೆ. ಅವರು ಆ ಸೊನ್ನೆಯನ್ನು ಓದಿದ ಬಗೆಯೇ ಬೇರೆ. ಮ್ಯೂಯಾನ್‌ಗಳ ಗಲಾಟೆಯೇ ಇಲ್ಲದ ಜಾಗ ಸಿಕ್ಕಿತು ಎಂದಾದ ಮೇಲೆ, ಗಲಾಟೆಯಲ್ಲಿ ಎಂದೂ ಕಾಣದ ನ್ಯೂಟ್ರಿನೊ ಎಂಬ ಕಣವನ್ನು ಹುಡುಕಲು ಅದಕ್ಕಿಂತ ಒಳ್ಳೆಯ ತಾಣ ಯಾವುದು? ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಒಸಾಕಾ ಸಿಟಿ ಮತ್ತು ಡರ್ಹಮ್ ವಿಶ್ವವಿದ್ಯಾಲಯಗಳ ತಂಡ ಅದೇ ಗಣಿಯಲ್ಲಿ ಉಪಕರಣ ಹೂಡಿತು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊದ ಕುರುಹು ಕಂಡಿತೆಂದು 1965ರಲ್ಲಿ ಪ್ರಕಟಿಸಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ದಕ್ಷಿಣ ಆಫ್ರಿಕದ ಗಣಿಯೊಂದರಲ್ಲಿ ಫ್ರೆಡ್ ರೈನ್ಸ್ ತಂಡಕ್ಕೂ ಅದು ಸಿಕ್ಕಿತು. ಜಗತ್ತಿನಲ್ಲಿ ಅದನ್ನು ಮೊದಲು ಕಂಡದ್ದು ಈ ಎರಡು ತಂಡಗಳೇ.

ಕೋಲಾರದ ಕಥೆಗೆ ಎರಡನೆಯ ಭಾಗವೂ ಇದೆ, ಅದನ್ನು ಹೇಳುವವರು ಕಡಿಮೆ. 1980ರಲ್ಲಿ ಅಲ್ಲಿ 140 ಟನ್ ತೂಕದ ಉಪಕರಣ ಹೂಡಿ, ಪ್ರೋಟಾನ್ ತಾನಾಗಿ ಒಡೆದುಹೋಗುತ್ತದೆಯೇ ಎಂದು ನೋಡಲು ಶುರುಮಾಡಿದರು. ಒಡೆದಿರಬಹುದು ಎನ್ನಿಸುವ ಕೆಲವು ಘಟನೆಗಳು ಕಂಡವು, ಸುದ್ದಿಯೂ ಆಯಿತು. ಆಮೇಲೆ ಅಮೆರಿಕ ಮತ್ತು ಜಪಾನ್‌ಗಳಲ್ಲಿ ಹಲವು ಪಟ್ಟು ದೊಡ್ಡ ಉಪಕರಣಗಳು ಬಂದವು. ಅವುಗಳಿಗೆ ಏನೂ ಕಾಣಲಿಲ್ಲ. ಇಂದಿನವರೆಗೂ ಯಾರಿಗೂ ಕಂಡಿಲ್ಲ. ಆದರೆ ಆ ‘ಕಂಡಿಲ್ಲ’ದಿಂದಲೇ, ಪ್ರೋಟಾನ್ ಇಷ್ಟು ಕಾಲದೊಳಗೆ ಒಡೆಯಬೇಕು ಎಂದು ಸಾರಿದ್ದ ಅತ್ಯಂತ ಸರಳ ಏಕೀಕೃತ ಸಿದ್ಧಾಂತ ಬಿದ್ದುಹೋಯಿತು. ಜಪಾನಿನ ಕಾಮಿಯೊಕಾಂಡೆ ಉಪಕರಣ ಕಟ್ಟಿದ್ದೂ ಪ್ರೋಟಾನ್ ಒಡೆಯುವುದನ್ನು ನೋಡಲೆಂದೇ. ಅದು ಕಾಣಲಿಲ್ಲ. 1987ರ ಫೆಬ್ರವರಿಯಲ್ಲಿ ಸಿಡಿದ ನಕ್ಷತ್ರವೊಂದರ ನ್ಯೂಟ್ರಿನೊಗಳು ಕಂಡವು, 2002ರಲ್ಲಿ ಮಸತೋಶಿ ಕೊಶಿಬಾ ಅವರಿಗೆ ನೊಬೆಲ್ ಬಂತು.

ಭೌತಶಾಸ್ತ್ರದವರಿಗೆ ಇದೆಲ್ಲ ಸಲ್ಲುತ್ತದೆ, ಕನ್ನಡ ಎಂ.ಎ. ಮಾಡಿ ಸಂಶೋಧನೆಗೆ ಕೂತವರಿಗೆ ಏನು ಎಂದು ಕೇಳಬಹುದು. ಅವರಿಗೆ ಇನ್ನೂ ಹತ್ತಿರದ ಉದಾಹರಣೆ ಕೊಡುತ್ತೇನೆ.

ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ, 1903ರಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಪ್ರಕಟಿಸಿದ ಪಪೈರಸ್ ಹಾಳೆಯೊಂದರಲ್ಲಿ ಗ್ರೀಕ್ ಪ್ರಹಸನವಿದೆ. ಕ್ರಿ.ಶ. ಎರಡನೆಯ ಶತಮಾನದ ಪ್ರತಿ ಎನ್ನುತ್ತಾರೆ. ಹಿಂದೂ ಮಹಾಸಾಗರದ ದಡದ ಯಾವುದೋ ನಾಡಿನಲ್ಲಿ ಸೆರೆಯಾದ ಖರಿಟಿಯಾನ್ ಎಂಬ ಗ್ರೀಕ್ ಹುಡುಗಿಯನ್ನು ಅವಳ ಅಣ್ಣ ಬಂದು, ಅಲ್ಲಿನ ರಾಜನಿಗೂ ಪರಿವಾರಕ್ಕೂ ಮದ್ಯ ಕುಡಿಸಿ ಬಿಡಿಸಿಕೊಂಡು ಹೋಗುವ ಕಥೆ. ರಾಜನ ಕಡೆಯವರು ಆಡುವ ಮಾತು ಗ್ರೀಕ್ ಅಲ್ಲ. ಅದು ಕನ್ನಡ ಎಂದು ಜರ್ಮನ್ ವಿದ್ವಾಂಸ ಹುಲ್ಟ್ಷ್ 1904ರಲ್ಲಿ ಹೇಳಿದರು. ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿಗಳು ಹೌದೆಂದರು. ಮಂಗಳೂರಿನಲ್ಲಿ ಹುಟ್ಟಿ ಮಂಜೇಶ್ವರದಲ್ಲಿ ನೆಲೆಸಿದ ಗೋವಿಂದ ಪೈಗಳೂ ಹೌದೆಂದರು. ಕರಾವಳಿಗೆ ಇದಕ್ಕಿಂತ ಹೆಮ್ಮೆ ಬೇರೆ ಬೇಕೇ? ಇಂದಿಗೂ ಉಡುಪಿ, ಮಂಗಳೂರಿನ ಸಭೆಗಳಲ್ಲಿ ಈ ಪ್ರಹಸನ ಕನ್ನಡದ ಪ್ರಾಚೀನತೆಗೆ ಸಾಕ್ಷಿಯಾಗಿ ಚಪ್ಪಾಳೆ ಗಿಟ್ಟಿಸುತ್ತದೆ.

ಎಲ್.ಡಿ. ಬಾರ್ನೆಟ್ ಎಂಬ ವಿದ್ವಾಂಸರು 1926ರಲ್ಲಿ ಇದನ್ನು ಕೂಲಂಕಷವಾಗಿ ನೋಡಿ, ಇವು ಕನ್ನಡ ಮಾತುಗಳೆಂಬ ವಾದ ನಿಲ್ಲುವುದಿಲ್ಲ ಎಂದು ಬರೆದರು. ಆ ಮಾತು ನಮ್ಮ ಸಭೆಗಳಿಗೆ ತಲುಪಲೇ ಇಲ್ಲ. ‘ಹೌದು’ ಭಾಷಣವಾಯಿತು, ‘ಇಲ್ಲ’ ಗ್ರಂಥಾಲಯದ ಬೀರುವಿನಲ್ಲಿ ಉಳಿಯಿತು. ಇಲ್ಲಿನ ತೊಡಕು ಮೀನಿನದಕ್ಕಿಂತ ಸೂಕ್ಷ್ಮ. ನಮಗೆ ಸಿಕ್ಕಿರುವ ಹಲ್ಮಿಡಿ ಶಾಸನದ ಕಾಲ ಸುಮಾರು ಕ್ರಿ.ಶ. 450. ಅದಕ್ಕೂ ಸುಮಾರು ಮುನ್ನೂರು ವರ್ಷ ಹಿಂದಿನ ಆಡುಮಾತಿನ ಕನ್ನಡ ಹೇಗಿತ್ತೆಂದು ತೋರಿಸುವ ಪಠ್ಯವೇ ನಮ್ಮಲ್ಲಿಲ್ಲ. ಹೋಲಿಸಿ ನೋಡಲು ಅಳತೆಗೋಲೇ ಇಲ್ಲದಿರುವಾಗ, ಗ್ರೀಕ್ ಲಿಪಿಕಾರ ಕಿವಿಗೆ ಬಿದ್ದಂತೆ ಗೀಚಿದ ಅಕ್ಷರಗಳಿಂದ ‘ಹೌದು’ ಎಂದು ತೀರ್ಮಾನಿಸುವುದು ಹೇಗೆ? ಕೊಣಾಜೆಯ ಎಸ್.ವಿ.ಪಿ. ಕನ್ನಡ ಅಧ್ಯಯನ ಸಂಸ್ಥೆಯ ವಿದ್ಯಾರ್ಥಿಯೊಬ್ಬ ಆ ಪ್ರಹಸನದ ಒಂದೊಂದು ತುಣುಕನ್ನೂ ಎತ್ತಿಕೊಂಡು, ಈವರೆಗಿನ ಓದುಗಳನ್ನೆಲ್ಲ ಪಕ್ಕದಲ್ಲಿಟ್ಟು, ಯಾವ ನಿಯಮದ ಮೇಲೆ ಯಾವ ಓದು ಬೀಳುತ್ತದೆ ಎಂದು ತೋರಿಸಿ, ಕೊನೆಗೆ ‘ಇರುವ ಆಧಾರದಿಂದ ತೀರ್ಮಾನ ಸಾಧ್ಯವಿಲ್ಲ’ ಎಂದು ಬರೆದರೆ ಅದು ಒಂದು ಒಳ್ಳೆಯ ಪಿಎಚ್‌.ಡಿ. ಸನ್ಮಾನಕ್ಕೆ ಯಾರೂ ಕರೆಯಲಿಕ್ಕಿಲ್ಲ, ಅದು ಬೇರೆ ವಿಷಯ.

ಮೆಡಿಕಲ್ ಕಾಲೇಜುಗಳ ಮಾತೇ ಬೇರೆ. ಅಲ್ಲಿ ಡ್ರಾಯರ್ ಸೇರಿದ ‘ಇಲ್ಲ’ ಜೀವ ತೆಗೆಯುತ್ತದೆ. 1980ರಲ್ಲಿ ಬ್ರಿಟನ್ನಿನ ನಾಟಿಂಗ್‌ಹ್ಯಾಮ್‌ನಲ್ಲಿ ಹೃದಯಾಘಾತವಾಗಿದ್ದ 95 ಮಂದಿಯ ಮೇಲೆ ಹೃದಯಬಡಿತದ ಏರುಪೇರು ತಡೆಯುವ ಲೋರ್ಕೈನೈಡ್ ಎಂಬ ಔಷಧದ ಪ್ರಯೋಗ ನಡೆಯಿತು. ಔಷಧ ಪಡೆದವರಲ್ಲಿ 9 ಮಂದಿ ಸತ್ತರು, ಪಡೆಯದವರಲ್ಲಿ ಒಬ್ಬರು. ಆಕಸ್ಮಿಕವಿರಬಹುದು ಎಂದುಕೊಂಡರು. ಕಂಪನಿ ಬೇರೆ ಕಾರಣಕ್ಕೆ ಆ ಔಷಧವನ್ನು ಕೈಬಿಟ್ಟಿತು, ಪ್ರಬಂಧ ಪ್ರಕಟವಾಗಲಿಲ್ಲ. ಅದೇ ಜಾತಿಯ ಬೇರೆ ಔಷಧಗಳನ್ನು ವೈದ್ಯರು ಆ ದಶಕವಿಡೀ ಬರೆದುಕೊಟ್ಟರು. ಅವು ಸಾವನ್ನು ಹೆಚ್ಚಿಸುತ್ತವೆ ಎಂದು ಅಮೆರಿಕದ ದೊಡ್ಡ ಪ್ರಯೋಗವೊಂದು 1989ರಲ್ಲಿ ತೋರಿಸಿತು. ನಾಟಿಂಗ್‌ಹ್ಯಾಮ್‌ನವರ ಪ್ರಬಂಧ ಬೆಳಕು ಕಂಡದ್ದು 1993ರಲ್ಲಿ. ಭಾರತದಲ್ಲಿ 2007ರಲ್ಲಿ ಶುರುವಾದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ಪ್ರಯೋಗವನ್ನು ಶುರುಮಾಡುವ ಮೊದಲೇ ನೋಂದಾಯಿಸಬೇಕೆಂದು 2018ರಿಂದ ಕಡ್ಡಾಯ ಮಾಡಿರುವುದರ ಹಿಂದೆ ಇಂಥ ಕಹಿ ಅನುಭವಗಳಿವೆ. ಕೈಗೆತ್ತಿಕೊಂಡದ್ದೇನು ಎಂಬುದು ದಾಖಲಾದ ಮೇಲೆ ಸದ್ದಿಲ್ಲದೆ ಮುಚ್ಚಿಹಾಕುವುದು ಕಷ್ಟ.

ಮುಚ್ಚಿಹಾಕುವುದಕ್ಕಿಂತ ಹೆಚ್ಚು ನಡೆಯುವುದು ತಿರುಚುವುದು, ಅದೂ ಬಹಳ ಸಲ ಗೊತ್ತಿಲ್ಲದೆ. ಸಂಬಂಧವೇ ಇಲ್ಲದಿದ್ದರೂ ಇಂಥ ಫಲಿತಾಂಶ ಆಕಸ್ಮಿಕವಾಗಿ ಬರುವ ಸಾಧ್ಯತೆಯನ್ನು ಹೇಳುವ ಪಿ-ವ್ಯಾಲ್ಯೂ 0.05ರ ಒಳಗೆ ಬರಲಿಲ್ಲವೇ, ಗಂಡಸರನ್ನು ಬೇರೆ ಮಾಡಿ ನೋಡು. ಬರಲಿಲ್ಲವೇ, ನಲವತ್ತು ದಾಟಿದವರನ್ನು ನೋಡು. ಸಕ್ಕರೆ, ತೂಕ, ನಿದ್ದೆ, ಒತ್ತಡ, ಒಂದಲ್ಲ ಒಂದಕ್ಕೆ ನಕ್ಷತ್ರ ಚಿಹ್ನೆ ಬಿದ್ದೇ ಬೀಳುತ್ತದೆ. ಬೀಳಲೇಬೇಕು: ಏನೂ ಸಂಬಂಧವಿಲ್ಲದ 20 ಸಂಗತಿಗಳನ್ನು ಒಂದೊಂದಾಗಿ ಪರೀಕ್ಷಿಸಿದರೆ ಒಂದಾದರೂ ‘ಸಿಗ್ನಿಫಿಕೆಂಟ್’ ಆಗುವ ಸಾಧ್ಯತೆ ಶೇ. 64. ಆಮೇಲೆ ಆ ಒಂದನ್ನೇ ಮೊದಲಿನಿಂದ ಹುಡುಕುತ್ತಿದ್ದೆ ಎಂಬಂತೆ ಪೀಠಿಕೆಯನ್ನು ತಿದ್ದಿದರೆ ಥೀಸಿಸ್ ಸಿದ್ಧ. ಕೃತಿಚೌರ್ಯ ಹಿಡಿಯಲು ನಮ್ಮಲ್ಲಿ 2018ರ ಯುಜಿಸಿ ನಿಯಮವಿದೆ, ಸಾಫ್ಟ್‌ವೇರ್ ಇದೆ. ಇದನ್ನು ಹಿಡಿಯುವ ಸಾಫ್ಟ್‌ವೇರ್ ಇಲ್ಲ. ನನ್ನ ಅಭಿಪ್ರಾಯದಲ್ಲಿ ಇದು ಕದ್ದ ಪ್ಯಾರಾಕ್ಕಿಂತ ಹೆಚ್ಚು ಹಾನಿಕರ. ಕದ್ದ ಪ್ಯಾರಾದಲ್ಲಿ ಕನಿಷ್ಠ ಸಂಗತಿಯಾದರೂ ಸರಿಯಿರಬಹುದು.

ನಿಯಮಗಳು ವಿದ್ಯಾರ್ಥಿಯ ಕೈಕಟ್ಟಿವೆ ಎನ್ನುವವರಿದ್ದಾರೆ. ಸ್ವಲ್ಪ ನಿಜವಿತ್ತು. ಥೀಸಿಸ್ ಸಲ್ಲಿಸುವ ಮೊದಲು ಜರ್ನಲ್‌ನಲ್ಲಿ ಒಂದು ಪೇಪರ್ ಬರಲೇಬೇಕೆಂದು ಯುಜಿಸಿಯ 2016ರ ನಿಯಮ ಹೇಳುತ್ತಿತ್ತು. ‘ಇಲ್ಲ’ ಎನ್ನುವ ಪೇಪರ್ ಬೇಗ ಸ್ವೀಕಾರವಾಗುವುದಿಲ್ಲ, ದುಡ್ಡು ಕೊಟ್ಟರೆ ವಾರದಲ್ಲಿ ಛಾಪಿಸುವ ಜರ್ನಲ್‌ಗಳು ಬಾಗಿಲಲ್ಲೇ ನಿಂತಿದ್ದವು. 2022ರ ನವೆಂಬರ್‌ನ ನಿಯಮಾವಳಿ ಆ ಕಡ್ಡಾಯವನ್ನು ಕೈಬಿಟ್ಟಿತು. ಯುಜಿಸಿಯ ಕಾನೂನಿನಲ್ಲಿ ಈಗ ‘ಇಲ್ಲ’ಕ್ಕೆ ಅಡ್ಡಿಯಿಲ್ಲ. ಅಡ್ಡಿಯಿರುವುದು ಅಭ್ಯಾಸದಲ್ಲಿ.

ಹಾಗಾದರೆ ದಕ್ಕೆಯ ಹುಡುಗಿ ಏನು ಮಾಡಬೇಕು? ಮೊದಲು, ಕೊನೆಯ ವರ್ಷದವರೆಗೆ ಗುಟ್ಟು ಮಾಡದೆ ಪ್ರತಿ ಸೆಮಿಸ್ಟರಿನ ಸಲಹಾ ಸಮಿತಿಯ ಮುಂದೆ ಇದ್ದದ್ದನ್ನು ಇದ್ದಂತೆ ಇಡಬೇಕು. ಮೂರನೆಯ ಸೆಮಿಸ್ಟರಿನಲ್ಲಿ ಹೇಳಿದರೆ ದಾರಿ ಬದಲಿಸಲು ಸಮಯವಿರುತ್ತದೆ, ಹತ್ತನೆಯದರಲ್ಲಿ ಹೇಳಿದರೆ ಇರುವುದಿಲ್ಲ. ಬರೆಯುವಾಗ ಆ ಅಧ್ಯಾಯವನ್ನು ಅನುಬಂಧಕ್ಕೆ ತಳ್ಳದೆ ಮಧ್ಯದಲ್ಲೇ ನಿಲ್ಲಿಸಬೇಕು. ಏಕೆ ಇರಬಹುದೆಂದು ಊಹಿಸಿದೆ, ಕನಿಷ್ಠ ಎಷ್ಟಿದ್ದರೆ ನನ್ನ ವಿಧಾನ ಹಿಡಿಯುತ್ತಿತ್ತು, ಎಷ್ಟು ಸ್ಯಾಂಪಲ್, ಯಾವ ತಿಂಗಳು, ಐಸಿನಲ್ಲಿ ಎಷ್ಟು ಹೊತ್ತು ಇತ್ತು, ಇದರಿಂದ ಯಾವ ಮಾತನ್ನು ಹೇಳಬಹುದು, ಯಾವುದನ್ನು ಹೇಳಲಾಗದು. ಮೂಲ ದತ್ತಾಂಶವನ್ನು ಝೆನೋಡೊದಂಥ ಉಚಿತ ಭಂಡಾರದಲ್ಲಿ ಇಟ್ಟರೆ ಮುಂದೆ ಮಲ್ಪೆಯಲ್ಲೋ ಕಾರವಾರದಲ್ಲೋ ಇದೇ ಕೆಲಸ ಮಾಡುವವರು ತಮ್ಮ 300ಕ್ಕೆ ಇವಳ 30ನ್ನು ಸೇರಿಸಿಕೊಳ್ಳಬಹುದು. ವೈವಾದಲ್ಲಿ ನಿನ್ನ ಕೊಡುಗೆ ಏನಮ್ಮ ಎಂದು ಕೇಳಿದರೆ ತಲೆ ತಗ್ಗಿಸಬೇಕಿಲ್ಲ. ಇದನ್ನು ಮತ್ತೊಬ್ಬರು ನಾಲ್ಕು ವರ್ಷ ಕೂತು ಮಾಡುವುದನ್ನು ತಪ್ಪಿಸಿದ್ದೇನೆ ಎನ್ನಲಿ.

ಇನ್ನೂ ಮುಂದೆ ಹೋದವರಿದ್ದಾರೆ. ಕಾರ್ಟೆಕ್ಸ್ ಎಂಬ ಜರ್ನಲ್ 2013ರಲ್ಲಿ, ಪ್ರಶ್ನೆ ಮತ್ತು ವಿಧಾನವನ್ನಷ್ಟೇ ನೋಡಿ, ಪ್ರಯೋಗ ಮಾಡುವ ಮೊದಲೇ ಪ್ರಬಂಧವನ್ನು ಒಪ್ಪಿಕೊಳ್ಳುವ ಪದ್ಧತಿ ಶುರುಮಾಡಿತು. ಫಲಿತಾಂಶ ಏನೇ ಬರಲಿ, ಪ್ರಕಟಣೆ ಖಚಿತ. ಮನಃಶಾಸ್ತ್ರದಲ್ಲಿ ಇಂಥ ಪ್ರಬಂಧಗಳನ್ನು ಸಾಮಾನ್ಯ ಪ್ರಬಂಧಗಳ ಜೊತೆ ಇಟ್ಟು ನೋಡಿದಾಗ ಊಹೆ ನಿಜವಾದದ್ದು ಸಾಮಾನ್ಯದಲ್ಲಿ ಶೇ. 96, ಇವುಗಳಲ್ಲಿ ಶೇ. 44 ಎಂದು 2021ರ ಅಧ್ಯಯನವೊಂದು ತೋರಿಸಿತು. ಭಯ ತೆಗೆದರೆ ನಿಜ ಎಷ್ಟು ಹೊರಬರುತ್ತದೆ ನೋಡಿ.

ಸಿನಾಪ್ಸಿಸ್ ಒಪ್ಪುವ ಸಭೆಯೂ ಮೂಲತಃ ಇದೇ ಕೆಲಸ ಮಾಡಬೇಕಾದದ್ದು. ಆದ್ದರಿಂದ ಕೊಣಾಜೆ, ಸುರತ್ಕಲ್, ದೇರಳಕಟ್ಟೆಗಳ ಗೈಡ್‌ಗಳಲ್ಲಿ, ಡಾಕ್ಟರಲ್ ಕಮಿಟಿಯ ಸದಸ್ಯರಲ್ಲಿ ಒಂದು ವಿನಂತಿ. ಸಿನಾಪ್ಸಿಸ್ ನಮೂನೆಯಲ್ಲಿ ಒಂದು ಕಾಲಂ ಸೇರಿಸಿ: ಊಹೆ ಸುಳ್ಳಾದರೆ ಈ ಅಧ್ಯಯನದಿಂದ ತಿಳಿಯುವುದೇನು? ಆ ಕಾಲಂ ಖಾಲಿ ಬಿಟ್ಟ ಸಿನಾಪ್ಸಿಸ್‌ಗೆ ದಯವಿಟ್ಟು ಸಹಿ ಹಾಕಬೇಡಿ.